ಜವಾಜಾದ ಕುಶಲಕರ್ಮಿಗಳೂ ವಿನ್ಯಾಸ ವಿದ್ಯಾರ್ಥಿಗಳೂ

ಕೈಯಿಂದ ವಸ್ತುವನ್ನು ನಿರ್ಮಿಸುವವನಿಗೆ ಸಂಸ್ಕೃತದಲ್ಲಿ ‘ಕಾರು’ ಎಂಬ ಹೆಸರುಂಟು. ಅವನ ಅನುಭವಕ್ಕೂ ವಿದ್ಯಾಲಯದ ಶಾಸ್ತ್ರಕ್ಕೂ ಇರತಕ್ಕ ಸಂಬಂಧವು ಸ್ವತಂತ್ರ ಭಾರತದಲ್ಲಿ ವಿಚಾರಾರ್ಹವಾದ ವಿಷಯವಾಯಿತು. 1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರ್ಕಾರಕ್ಕೆ ಒಪ್ಪಿಸಿದ ವರದಿಯಲ್ಲಿ, ಮನೆಮನೆಯ ಲೋಟಾವನ್ನೇ ಉತ್ತಮ ವಿನ್ಯಾಸಕ್ಕೆ ನಿದರ್ಶನವಾಗಿ ಎತ್ತಿಹೇಳಿದರು. ತದನಂತರ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪಿತವಾಯಿತು.

ಈ ವಿದ್ಯೆಗೆ ನಿಕಷಪ್ರಾಯವಾದುದು ರಾಜಸ್ಥಾನದಲ್ಲಿ ಅಂದು ಅಜಮೇರ ಜಿಲ್ಲೆಗೆ ಸೇರಿದ್ದ ಜವಾಜಾ. ಕ್ಷಾಮಪೀಡಿತವಾದ ಆ ಪ್ರದೇಶದಲ್ಲಿ 1975ರಲ್ಲಿ ರವಿ ಮಥಾಯಿಯವರು ‘ಗ್ರಾಮ ವಿಶ್ವವಿದ್ಯಾಲಯ’ವೆಂಬ ಪ್ರಯೋಗವನ್ನು ಆರಂಭಿಸಿದರು. ಅದಕ್ಕೆ ಜನಜೀವನವೇ ಪಾಠಶಾಲೆ. ವಿನ್ಯಾಸ ಸಂಸ್ಥೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಅದರಲ್ಲಿ ಸೇರಿದರು. ಅಲ್ಲಿಯ ಚರ್ಮಕಾರರಿಗೂ ನೇಕಾರರಿಗೂ ಹಸ್ತಕೌಶಲವು ವಂಶಪರಂಪರೆಯಿಂದಲೇ ಸಿದ್ಧಿಸಿದ್ದಿತು. ಇಲ್ಲದಿದ್ದುದು ದೂರದ ಪೇಟೆಯ ಪರಿಚಯವೂ ಬೆಲೆ ಕಟ್ಟುವ ಸಾಮರ್ಥ್ಯವೂ. ಆದುದರಿಂದ ಆ ಕೌಶಲಕ್ಕೊಪ್ಪುವ ಚೀಲ, ನೆಲಹಾಸು ಮೊದಲಾದವು ರೂಪುಗೊಂಡವು; ಕುಶಲಕರ್ಮಿಗಳದೇ ಒಂದು ಒಕ್ಕೂಟವೂ ಏರ್ಪಟ್ಟಿತು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮಾದರಿಯನ್ನು ಬರೆದುಕೊಟ್ಟು ಹಿಂತಿರುಗುವುದು ಉಪಕಾರವಾದೀತೇ ಹೊರತು ವಿದ್ಯಾದಾನವಾಗದು. ಉಪಕಾರಿಯು ಹೋದ ಮೇಲೆ ಗ್ರಾಮವು ಪೂರ್ವಸ್ಥಿತಿಗೇ ಮರಳುವುದು. ಮಥಾಯಿಯವರ ಉದ್ದೇಶವು ಸ್ವಾವಲಂಬನ. ವಿದ್ಯಾರ್ಥಿಯು ಗ್ರಾಮಕ್ಕೆ ಕಲಿಸುವುದಕ್ಕಾಗಿ ಹೋದರೂ, ಕಾರುವಿನಿಂದ ಕಲಿಯದೆ ಅವನ ಶಾಸ್ತ್ರವು ಪೂರ್ಣವಾಗದು. ಗುರುವಿಲ್ಲದೆಯೂ ನಡೆಯಬಲ್ಲಂತೆ ಶಿಷ್ಯನನ್ನು ಸಿದ್ಧಗೊಳಿಸುವುದರಲ್ಲಿಯೇ ಗುರುತ್ವದ ಸಾರ್ಥಕ್ಯವಿರುವುದು.