ಗಡಿನಾಡಿನ ಕಥೆಗಾರರೂ ಕಥಾಸ್ಪರ್ಧೆಗಳೂ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ, ಬಳ್ಳಾರಿ ಜಿಲ್ಲೆಗೆ ಸೇರಿದ್ದ ರಾಯದುರ್ಗವು ಆದವಾನಿ, ಆಲೂರುಗಳೊಡನೆ ಅದರಲ್ಲಿ ಸೇರಿಹೋಯಿತು. ಮಡಕಶಿರೆಯು ಮೊದಲಿನಿಂದಲೂ ಅನಂತಪುರ ಜಿಲ್ಲೆಯಲ್ಲಿದ್ದಿತು. ಹೀಗೆ ನಮ್ಮ ಕಚೇರಿಗಳು ಒಂದು ರಾಜ್ಯದಲ್ಲಿಯೂ ನಮ್ಮ ನುಡಿಯ ಪತ್ರಿಕೆಗಳು ಮತ್ತೊಂದರಲ್ಲಿಯೂ ಉಳಿದುವು. ಆದರೆ ಅಂಚೆಗೆ ಗಡಿಯಿಲ್ಲ.

ಕಥಾಸ್ಪರ್ಧೆಯ ಹಿರಿಮೆಯೂ ಇದೇ. ಅದು ಬರೆದವರ ಸ್ಥಾನಮಾನವನ್ನಲ್ಲ, ಬರಹವನ್ನು ತೂಗುತ್ತದೆ. 1896ರಲ್ಲಿ ಕಲ್ಕತ್ತೆಯ ಕುಂತಳೀನ ಕೇಶತೈಲದ ವರ್ತಕರು ಏರ್ಪಡಿಸಿದ ಸ್ಪರ್ಧೆಯಲ್ಲಿ, ಒಂದು ಸೀಸೆ ಎಣ್ಣೆಯಿಂದ ಕಡಲ ಬಿರುಗಾಳಿಯು ಅಡಗಿತೆಂಬ ಅದ್ಭುತ ಕಥೆಗೆ ಬಹುಮಾನ ಸಂದಿತು. ಹೆಸರು ಹೇಳದೆ ಅದನ್ನು ಬರೆದವರು ವಿಜ್ಞಾನಿ ಜಗದೀಶಚಂದ್ರ ಬೋಸರು! 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಖಗೋಳವಿಜ್ಞಾನಿ ಜಯಂತ ನಾರ್ಲೀಕರರು, ಕೈಬರಹದ ಗುರುತೂ ಸಿಗದಂತೆ ಪತ್ನಿಯಿಂದ ಬರೆಯಿಸಿ, ಕೃಷ್ಣವಿವರವನ್ನು ಕುರಿತ ಕಥೆಯೊಂದನ್ನು ಕಲ್ಪಿತ ನಾಮದಿಂದ ಕಳುಹಿಸಿದರು. ಮೊದಲ ಬಹುಮಾನವೇ ಬಂದಿತು.

ಕನ್ನಡದಲ್ಲಿಯೂ ಬಾಗಿಲುಗಳು ತೆರೆದುವು. ಹುಬ್ಬಳ್ಳಿಯ 'ಕಸ್ತೂರಿ' 1956ರಲ್ಲಿ, 'ಸುಧಾ' 1965ರಲ್ಲಿ, 'ಮಯೂರ' 1968ರಲ್ಲಿ ಹುಟ್ಟಿದುವು. 'ಪ್ರಜಾವಾಣಿ'ಯ ದೀಪಾವಳಿ ಕಥಾಸ್ಪರ್ಧೆಯು ಎಷ್ಟೋ ಹೊಸ ಲೇಖಕರನ್ನು ಬೆಳಕಿಗೆ ತಂದಿತು. ರಾಜಶೇಖರ ಭೂಸನೂರಮಠರಂಥವರು ವಿಜ್ಞಾನ ಕಥೆಯನ್ನು ಕನ್ನಡಕ್ಕೆ ಒಗ್ಗಿಸಿದರು.

ನಮ್ಮಲ್ಲಿ ಕಥಾವಸ್ತುವಿಗೆ ಬಡತನವಿಲ್ಲ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯಿದೆ, ರಾಯದುರ್ಗದ ಬೆಟ್ಟದ ಕೋಟೆಯಿದೆ, ಮಳೆಗಾಗಿ ಮುಗಿಲು ನೋಡುವ ಹೊಲಗಳಿವೆ. ಇವುಗಳ ನಾಳೆಯನ್ನು ಕಲ್ಪಿಸಿ ಬರೆಯುವ ಕೈಗಳು ಬೇಕು. ಬರೆಯುವವರಿಲ್ಲದ ನುಡಿಯು ಅಡಿಗೆಮನೆಯ ಮಾತಾಗಿಯಷ್ಟೇ ಉಳಿದೀತು. ಆದುದರಿಂದ ಹಿರಿಯರು ಮಕ್ಕಳ ಕೈಗೆ ಕಾಗದವನ್ನಿತ್ತು, ಕಥೆ ಕಳುಹಿಸುವ ವಿಳಾಸವನ್ನೂ ತೋರಿಸಿಕೊಡಬೇಕು. ಭೂಪಟವು ಬೇರ್ಪಡಿಸಿದುದನ್ನು ಲೇಖನಿಯು ಕೂಡಿಸಬಲ್ಲದು.