ಜೆರ್ಸಿ ಕಳಚಿ ಕುರ್ಚಿಗೆ: ಹಿಂದೂಪುರದ ಸಂಸದರೊಬ್ಬರ ಕತೆ

ನಮ್ಮ ಊರಿನ ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯಾಟದ ಫೈನಲ್‌ಗೆ ಒಮ್ಮೆ ನಾನೇ ಅಂಪೈರ್ ಆಗಿದ್ದೆ. ಆಡುತ್ತಿದ್ದ ಎರಡು ತಂಡಗಳಲ್ಲಿ ಒಂದಕ್ಕೆ ಕಾರ್ಯದರ್ಶಿಯೂ ನಾನೇ. ಬೇರೆ ಯಾರೂ ಸಿಗಲಿಲ್ಲ, ಹಾಗಾಗಿ ನಿಂತೆ. ಕೊನೆಯ ಓವರಿನಲ್ಲಿ ಎದುರು ತಂಡದ ಹುಡುಗನಿಗೆ ರನ್ ಔಟ್ ಕೊಟ್ಟೆ. ಅದು ಔಟೇ, ಈಗಲೂ ಹಾಗೇ ಹೇಳುತ್ತೇನೆ. ಆದರೆ ಎದುರು ತಂಡದಲ್ಲಿದ್ದ ನನ್ನ ಮಾಮನ ಮಗ ಹತ್ತಿರ ಬಂದು ಒಂದೇ ಮಾತು ಕೇಳಿದ: "ಕಾಕಾ, ಔಟೋ ಅಲ್ಲವೋ ಆಮೇಲೆ ನೋಡುವ. ನೀವು ಯಾರ ಜೆರ್ಸಿ ಹಾಕಿಕೊಂಡು ನಿಂತದ್ದು?"

ಬಗ್ಗಿ ನೋಡಿಕೊಂಡೆ. ನಮ್ಮ ತಂಡದ್ದೇ ಜೆರ್ಸಿ. ಆ ದಿನದಿಂದ ಎರಡು ಮನೆಗಳ ನಡುವೆ ಮಾತು ನಿಂತಿತು. ಪೆರ್ನಾಲ್‌ಗೂ ಅವರು ಬರಲಿಲ್ಲ, ನಾವೂ ಹೋಗಲಿಲ್ಲ. ಅವನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಾತ್ರ ದೂರದ ಅನಂತಪುರ ಸೀಮೆಯಲ್ಲಿ.

ಹಿಂದೂಪುರ ಎಂಬ ಹೆಸರು ನನಗೆ ಚಿಕ್ಕಂದಿನಿಂದ ಗೊತ್ತು. ಉಪ್ಪನ ಅಂಗಡಿಗೆ ಬರುತ್ತಿದ್ದ ಹುಣಸೆಹಣ್ಣನ್ನು ಅವರು ಹಿಂದೂಪುರದ್ದು ಎಂದೇ ಹೇಳಿ ಮಾರುತ್ತಿದ್ದರು. ಡಿಪ್ಲೊಮಾ ಮುಗಿಸಿ ಯಂತ್ರ ರಿಪೇರಿಯ ಕೆಲಸಕ್ಕೆ ಸೇರಿದ ಮೇಲೆ ಆ ಕಡೆ ಹೋಗುವ ಯೋಗ ಬಂತು. ಗೌರಿಬಿದನೂರು ದಾಟಿದರೆ ಹಿಂದೂಪುರ. ಅಂಗಡಿಯವರು ಗಿರಾಕಿಯ ಮುಖ ನೋಡಿ ಕನ್ನಡಕ್ಕೋ ತೆಲುಗಿಗೋ ತಿರುಗುತ್ತಾರೆ. ಅಲ್ಲಿಂದ ಮಡಕಶಿರಾ, ನಮ್ಮ ತುಮಕೂರು ಜಿಲ್ಲೆಗೆ ಸೇರಿದ ಪಾವಗಡ, ಮತ್ತೆ ಆಂಧ್ರದ ಕಲ್ಯಾಣದುರ್ಗ. ಹೀಗೆ ಒಂದೇ ದಾರಿಯಲ್ಲಿ ರಾಜ್ಯದ ಗಡಿ ಎರಡೆರಡು ಸಲ ಎದುರಾಗುತ್ತದೆ.

2024ರ ಸೆಪ್ಟೆಂಬರ್‌ನಲ್ಲಿ ನಾನು ಕಲ್ಯಾಣದುರ್ಗದಲ್ಲಿದ್ದೆ. ಅನಂತಪುರದ ಆರ್‌ಡಿಟಿ ಮೈದಾನದಲ್ಲಿ ದುಲೀಪ್ ಟ್ರೋಫಿ ನಡೆಯುತ್ತಿತ್ತು. ಕರ್ನಾಟಕದ ಮಯಾಂಕ್ ಅಗರ್ವಾಲ್ ನಾಯಕನಾಗಿದ್ದ ಇಂಡಿಯಾ ಎ ಕೊನೆಗೆ ಗೆದ್ದಿತು. ಚಹಾ ಅಂಗಡಿಯಲ್ಲಿ ಅಂಪೈರ್ ತೀರ್ಪಿನ ಮೇಲೆ ಶುರುವಾದ ಜಗಳ ಚುನಾವಣೆಗೆ ಹೊರಳಿತು. ಆಗ ಹಿರಿಯರೊಬ್ಬರು, "ಕುರ್ಚಿಯಲ್ಲಿ ಕೂರುವುದು ಹೇಗೆ ಅಂತ ನಮ್ಮ ಸಂಜೀವ ರೆಡ್ಡಿಯನ್ನು ಕೇಳಬೇಕಿತ್ತು" ಅಂದರು. ನನಗೆ ಸಂಜೀವ ರೆಡ್ಡಿ ಎಂದರೆ ಹಿಂದಿನ ರಾಷ್ಟ್ರಪತಿ ಎಂದಷ್ಟೇ ಗೊತ್ತಿತ್ತು. ರೂಮಿಗೆ ಬಂದು ಓದಲು ಕುಳಿತೆ.

ನೀಲಂ ಸಂಜೀವ ರೆಡ್ಡಿ ಹುಟ್ಟಿದ್ದು 1913ರಲ್ಲಿ, ಅನಂತಪುರ ಜಿಲ್ಲೆಯ ಇಲ್ಲೂರಿನಲ್ಲಿ. 1952ರ ಮೊದಲ ಚುನಾವಣೆಯಲ್ಲಿ ಅನಂತಪುರದಿಂದ ಕಾಂಗ್ರೆಸ್ ಪರ ನಿಂತು ಸೋತರು. ಸೋಲಿಸಿದವರು ಕಮ್ಯುನಿಸ್ಟ್ ನಾಯಕ ತರಿಮೆಲ ನಾಗಿರೆಡ್ಡಿ, ಸಂಜೀವ ರೆಡ್ಡಿಯವರ ಹೆಂಡತಿಯ ಅಣ್ಣತಮ್ಮಂದಿರಲ್ಲಿ ಒಬ್ಬರು. ನೆಂಟಸ್ತಿಕೆ ಒಂದು ಕಡೆ, ಪಕ್ಷ ಇನ್ನೊಂದು ಕಡೆ ಎಂಬ ಕಷ್ಟ ನಮ್ಮ ಮನೆಗಳಲ್ಲಿ ಮಾತ್ರ ಅಲ್ಲ ಎಂದು ಓದಿ ಸ್ವಲ್ಪ ಸಮಾಧಾನವಾಯಿತು. 1956ರಲ್ಲಿ ಅವರು ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿಯಾದರು. ಎರಡನೆಯ ಸಲ ಮುಖ್ಯಮಂತ್ರಿಯಾಗಿದ್ದಾಗ ಕರ್ನೂಲಿನ ಬಸ್ ಮಾರ್ಗಗಳ ರಾಷ್ಟ್ರೀಕರಣದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಸರಕಾರದ ವಿರುದ್ಧ ಮಾತಾಡಿತು. 1964ರಲ್ಲಿ ರಾಜೀನಾಮೆ ಕೊಟ್ಟರು.

1967ರಲ್ಲಿ ಅವರು ಹಿಂದೂಪುರದಿಂದ ಲೋಕಸಭೆಗೆ ಗೆದ್ದರು. ಆ ಚುನಾವಣೆ ದೇಶದ ರಾಜಕೀಯವನ್ನೇ ಅಲುಗಾಡಿಸಿತ್ತು. ಕಾಂಗ್ರೆಸ್ ಲೋಕಸಭೆಯಲ್ಲಿ 283 ಸ್ಥಾನಗಳಿಗೆ ಇಳಿದಿತ್ತು, ವಿರೋಧ ಪಕ್ಷಗಳ ಸಾಲು ತುಂಬಿತ್ತು. ಸ್ಪೀಕರ್ ಹುದ್ದೆಗೆ ಕಾಂಗ್ರೆಸ್ ಸಂಜೀವ ರೆಡ್ಡಿಯವರನ್ನು ನಿಲ್ಲಿಸಿದರೆ, ವಿರೋಧ ಪಕ್ಷದವರು ವಿಶಾಖಪಟ್ಟಣದ ತೆನ್ನೇಟಿ ವಿಶ್ವನಾಥಂ ಅವರನ್ನು ನಿಲ್ಲಿಸಿದರು. ಮಾರ್ಚ್ 17ರಂದು ರೆಡ್ಡಿ ಗೆದ್ದರು. ಆದರೆ ಸದನದ ದೊಡ್ಡದೊಂದು ಭಾಗ ಅವರ ವಿರುದ್ಧ ಮತ ಹಾಕಿತ್ತು. ನಾಳೆಯಿಂದ ಅದೇ ಜನರಿಗೆ ಅವರು ಮಾತಿನ ಸರದಿ ಕೊಡಬೇಕಿತ್ತು.

ಅವರು ಕಾಂಗ್ರೆಸ್ ಪಕ್ಷದ ಸದಸ್ಯತ್ವಕ್ಕೇ ರಾಜೀನಾಮೆ ಕೊಟ್ಟರು. ಬ್ರಿಟನ್ನಿನಲ್ಲಿ ಸ್ಪೀಕರ್ ಆದವರು ಪಕ್ಷ ಬಿಡುವ ಪದ್ಧತಿ ಉಂಟು. ನಮ್ಮಲ್ಲಿ ಹಾಗೆ ಮಾಡಬೇಕೆಂಬ ಕಾನೂನು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ದುಡಿದ ಪಕ್ಷವನ್ನು ಒಬ್ಬ ಮನುಷ್ಯ ಒಂದು ಕುರ್ಚಿಯ ಮರ್ಯಾದೆಗಾಗಿ ಬಿಟ್ಟ. ನನಗೆ ಇಲ್ಲಿ ಮುಖ್ಯವಾಗಿ ಕಂಡದ್ದು ಬಿಟ್ಟ ಹೊತ್ತು. ಮೊದಲು ತೀರ್ಪು ಕೊಟ್ಟು, ಜನ ಸಂಶಯಪಟ್ಟ ಮೇಲೆ "ನಾನು ಯಾರ ಕಡೆಯವನೂ ಅಲ್ಲ" ಎಂದು ಅವರು ಆಣೆ ಹಾಕಲಿಲ್ಲ.

ಪರೀಕ್ಷೆಯೂ ಬೇಗ ಬಂತು. ರಾಷ್ಟ್ರಪತಿಗಳು ಎರಡೂ ಸದನಗಳನ್ನು ಉದ್ದೇಶಿಸಿ ಮಾತಾಡಿದ ದಿನವೇ ಸರಕಾರದ ಮೇಲಿನ ಅವಿಶ್ವಾಸ ನಿರ್ಣಯವನ್ನು ಅವರು ಚರ್ಚೆಗೆ ಒಪ್ಪಿಕೊಂಡರು. ಹಾಗೆ ಆದದ್ದು ಅದೇ ಮೊದಲು. ನಿರ್ಣಯ ಮಂಡಿಸಿದ್ದು ಅಟಲ್ ಬಿಹಾರಿ ವಾಜಪೇಯಿ. ನಿರ್ಣಯ ಬಿದ್ದುಹೋಯಿತು, ಇಂದಿರಾ ಗಾಂಧಿಯವರ ಸರಕಾರ ಉಳಿಯಿತು. ಆದರೆ ಸೋಲುವವರಿಗೂ ಹೊತ್ತಿಗೆ ಸರಿಯಾಗಿ ಮಾತು ಸಿಕ್ಕಿತು. ಸದನದಲ್ಲಿ ಆಡಿದ ಮಾತಿಗಾಗಿ ಕೆಲವು ಸಂಸದರ ಮೇಲೆ ಹೂಡಿದ ಮೊಕದ್ದಮೆಯೊಂದರಲ್ಲಿ ಸ್ಪೀಕರ್ ರೆಡ್ಡಿಯವರ ಹೆಸರೂ ಸೇರಿತ್ತು. 1970ರಲ್ಲಿ ಸುಪ್ರೀಂ ಕೋರ್ಟ್, ಸದನದೊಳಗಿನ ಮಾತಿಗೆ ಕೋರ್ಟಿನಲ್ಲಿ ದಾವೆ ನಿಲ್ಲುವುದಿಲ್ಲ ಎಂದಿತು.

ಹೊಗಳಿಕೆ ಮಾತ್ರ ಬರೆದರೆ ನಾನು ಮತ್ತೆ ಜೆರ್ಸಿ ಹಾಕಿಕೊಂಡ ಹಾಗಾಗುತ್ತದೆ. 1969ರ ಜುಲೈಯಲ್ಲಿ ಅವರು ಸ್ಪೀಕರ್ ಹುದ್ದೆ ಬಿಟ್ಟು, ಅದೇ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ ರಾಷ್ಟ್ರಪತಿ ಚುನಾವಣೆಗೆ ನಿಂತರು. ಬಿಟ್ಟ ಪಕ್ಷದ ಬಾಗಿಲಿಗೇ ಹೋದದ್ದು ಸರಿಯೇ ಎಂದು ಕೇಳುವವರ ಮಾತಲ್ಲಿ ಹುರುಳಿದೆ. ಇಂದಿರಾ ಗಾಂಧಿ ಆತ್ಮಸಾಕ್ಷಿಯಂತೆ ಮತ ಹಾಕಿ ಎಂದರು, ವಿ.ವಿ. ಗಿರಿ ಗೆದ್ದರು, ಕಾಂಗ್ರೆಸ್ ಒಡೆಯಿತು. ರೆಡ್ಡಿ ಊರಿಗೆ ಮರಳಿ ಬೇಸಾಯ ಹಿಡಿದರು. 1977ರಲ್ಲಿ ನಂದ್ಯಾಲದಿಂದ ಜನತಾ ಪಕ್ಷದಿಂದ ಗೆದ್ದರು. ಇಡೀ ಆಂಧ್ರದಲ್ಲಿ ಆ ಪಕ್ಷಕ್ಕೆ ಸಿಕ್ಕಿದ್ದು ಅದೊಂದೇ ಸ್ಥಾನ. ಮತ್ತೆ ಸ್ಪೀಕರ್ ಆದರು, ಅದೇ ಜುಲೈಯಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. 1979ರಲ್ಲಿ ಚರಣ್ ಸಿಂಗ್ ಸರಕಾರ ರಾಜೀನಾಮೆ ಕೊಟ್ಟಾಗ, ಜಗಜೀವನ ರಾಂ ಅವರಿಗೆ ಅವಕಾಶ ಕೊಡದೆ ಲೋಕಸಭೆ ವಿಸರ್ಜಿಸಿದ್ದಕ್ಕೆ ಟೀಕೆಯನ್ನೂ ಕೇಳಬೇಕಾಯಿತು.

1977ರಲ್ಲಿ ಅವರು ಖಾಲಿ ಮಾಡಿದ ಸ್ಪೀಕರ್ ಕುರ್ಚಿಗೆ ಬಂದವರು ನಮ್ಮ ಜಿಲ್ಲೆಯವರು: ಕಾರ್ಕಳ ಕಡೆಯ ಕೌಡೂರಿನ ಕೆ.ಎಸ್. ಹೆಗ್ಡೆ. ದೇರಳಕಟ್ಟೆಯ ಆಸ್ಪತ್ರೆಯ ಬೋರ್ಡಿನಲ್ಲಿ ನಮ್ಮಲ್ಲಿ ಎಷ್ಟೋ ಮಂದಿ ನೋಡಿದ ಹೆಸರು ಇವರದ್ದೇ. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳಾಗಿದ್ದ ಕೇಶವಾನಂದ ಭಾರತಿಯವರ ಹೆಸರಿನ ಪ್ರಸಿದ್ಧ ತೀರ್ಪು 1973ರ ಏಪ್ರಿಲ್‌ನಲ್ಲಿ ಬಂದಾಗ, ಬಹುಮತದ ಕಡೆ ಇದ್ದ ನ್ಯಾಯಾಧೀಶರಲ್ಲಿ ಅವರೂ ಒಬ್ಬರು. ಅದರ ಬೆನ್ನಲ್ಲೇ ಹಿರಿಯರಾದ ಮೂವರನ್ನು ದಾಟಿ ಬೇರೆಯವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿದಾಗ, ಆ ಮೂವರಲ್ಲಿ ಒಬ್ಬರಾದ ಹೆಗ್ಡೆ ರಾಜೀನಾಮೆ ಕೊಟ್ಟು ಹೊರಬಂದರು.

ಇದನ್ನೆಲ್ಲ ಓದುವಾಗ ಮತ್ತೆ ಕ್ರಿಕೆಟ್ಟೇ ನೆನಪಾಯಿತು. ಟೆಸ್ಟ್ ಪಂದ್ಯಗಳಲ್ಲಿ ಬಹುಕಾಲ ಆತಿಥೇಯ ದೇಶದವರೇ ಅಂಪೈರ್ ಆಗುತ್ತಿದ್ದರು. ಸೋತು ಹೋದವರು ಅಂಪೈರ್ ಮೇಲೆ ಹಾಕುತ್ತಿದ್ದರು. 1986ರ ನವೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ಪಾಕಿಸ್ತಾನಕ್ಕೆ ಬಂದಾಗ, ನಾಯಕ ಇಮ್ರಾನ್ ಖಾನ್ ಒತ್ತಾಯದಿಂದ ಲಾಹೋರ್ ಟೆಸ್ಟಿಗೆ ಭಾರತದ ಇಬ್ಬರು ಅಂಪೈರ್‌ಗಳನ್ನು ಕರೆಸಿದರು: ಹೈದರಾಬಾದಿನ ವಿ.ಕೆ. ರಾಮಸ್ವಾಮಿ ಮತ್ತು ಮುಂಬೈಯ ಪಿಲೂ ರಿಪೋರ್ಟರ್. ಆ ಪಂದ್ಯದಲ್ಲಿ ಪಾಕಿಸ್ತಾನ ಇನಿಂಗ್ಸ್ ಮತ್ತು 10 ರನ್‌ಗಳಿಂದ ಸೋತಿತು. ಆದರೂ ಕೆಲವೇ ವರ್ಷಗಳಲ್ಲಿ ಐಸಿಸಿ ಅದೇ ದಾರಿ ಹಿಡಿಯಿತು. 1994ರಿಂದ ಪ್ರತಿ ಟೆಸ್ಟಿಗೆ ಒಬ್ಬ ಹೊರದೇಶದ ಅಂಪೈರ್, 2002ರಿಂದ ಇಬ್ಬರೂ ಹೊರಗಿನವರು.

ಭಾರತ ಪಾಕಿಸ್ತಾನ ಪಂದ್ಯದ ದಿನ ಚಹಾ ಅಂಗಡಿಯಲ್ಲಿ ನಮ್ಮ ಹುಡುಗರ ಮುಖವನ್ನೇ ನೋಡುವವರು ಇರುತ್ತಾರೆ. ನಾವು ಚಪ್ಪಾಳೆ ತಟ್ಟುವ ಮೊದಲೇ ನಾವು ಯಾರ ಕಡೆ ಎಂದು ಅವರು ತೀರ್ಮಾನಿಸಿರುತ್ತಾರೆ. ಆ ನೋವು ನಮಗೆ ಗೊತ್ತಿದೆ. ಗೊತ್ತಿರುವ ನಾವೇ ಜಮಾಅತ್ ಮಹಾಸಭೆಯಲ್ಲಿ, ಪಂಚಾಯತ್ ಚುನಾವಣೆಯಲ್ಲಿ, ಮನೆಯ ವಾಟ್ಸಾಪ್ ಗುಂಪಿನಲ್ಲಿ ಮಾಡುವುದೇನು? ಎದ್ದು ನಿಂತವನ ಮಾತು ಕೇಳುವ ಮೊದಲು ಅವನು ಯಾರ ಮಗ, ಯಾವ ಪಕ್ಷ ಎಂದು ನೋಡುತ್ತೇವೆ. ಲೆಕ್ಕಪತ್ರದ ಬಗ್ಗೆ ಪ್ರಶ್ನೆ ಬಂದರೆ, ಆ ಲೆಕ್ಕ ಬರೆದವರೇ ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಸಮಯ ಮುಗಿಯಿತು ಎನ್ನುತ್ತಾರೆ. ಅವರ ಲೆಕ್ಕ ಸರಿಯೇ ಇರಬಹುದು. ನನ್ನ ರನ್ ಔಟ್ ಕೂಡ ಸರಿಯೇ ಇತ್ತು.

ಕಲ್ಯಾಣದುರ್ಗದಿಂದ ಬಂದ ಮೇಲೆ ನಾನು ತಂಡದ ಕಾರ್ಯದರ್ಶಿ ಹುದ್ದೆ ಬಿಟ್ಟೆ. ಮುಂದಿನ ಪಂದ್ಯಾಟಕ್ಕೆ ಪಕ್ಕದ ಊರಿನ ಇಬ್ಬರನ್ನು ಅಂಪೈರ್ ಆಗಿ ಕರೆಸಬೇಕು, ಅವರ ಬಸ್ ಖರ್ಚನ್ನು ಎರಡೂ ತಂಡಗಳು ಸಮನಾಗಿ ಹಾಕಬೇಕು ಎಂದು ಹೇಳಿದೆ. ಒಪ್ಪಿದರು. ಆ ಫೈನಲ್‌ನಲ್ಲಿ ನಮ್ಮ ತಂಡ ಸೋತಿತು. ಒಂದು ಎಲ್‌ಬಿಡಬ್ಲ್ಯು ನನಗೆ ಈಗಲೂ ಸರಿ ಕಾಣುವುದಿಲ್ಲ. ಆದರೆ ಅಂಪೈರ್ ಯಾರ ಮನೆಯವರು ಎಂದು ಯಾರೂ ಕೇಳಲಿಲ್ಲ. ಆಟ ಮುಗಿದ ಮೇಲೆ ಮಾಮನ ಮಗ ಬಂದು, "ಕಾಕಾ, ಶರಬತ್ತು ಕುಡಿಯುವ, ಬನ್ನಿ" ಅಂದ. ಹೋದೆ.