ಹದಿನೇಳನೆಯ ಪಿಕ್ ಯಾರದು?

ಅಮೆರಿಕನ್ ಫುಟ್‌ಬಾಲ್‌ನ ಚರಿತ್ರೆ ಓದುತ್ತ ಹೋದರೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ: ಡಲ್ಲಾಸ್ ಕೌಬಾಯ್ಸ್ ತಂಡ ಹರ್ಷಲ್ ವಾಕರ್ ಅವರನ್ನು ಬಿಟ್ಟುಕೊಟ್ಟು ಎಮಿಟ್ ಸ್ಮಿತ್ ಅವರನ್ನು ಪಡೆಯಿತು. ವಾಕರ್ 1989ರ ಅಕ್ಟೋಬರ್ 12ರಂದು ಮಿನ್ನೆಸೋಟ ವೈಕಿಂಗ್ಸ್ ತಂಡಕ್ಕೆ ಹೋದದ್ದು ನಿಜ. ಮರುವರ್ಷ ಡಲ್ಲಾಸ್ ಸೇರಿದ ಸ್ಮಿತ್ ಒಟ್ಟು 18,355 ಗಜ ಓಡಿ ಎನ್‌ಎಫ್‌ಎಲ್ ದಾಖಲೆ ಮಾಡಿದ್ದೂ ನಿಜ. ಆದರೆ ಮೊದಲನೆಯದರಿಂದ ಎರಡನೆಯದು ಹುಟ್ಟಿತೆನ್ನುವುದಕ್ಕೆ ಆಧಾರ ಎಷ್ಟು ಗಟ್ಟಿ? ಈ ಪ್ರಶ್ನೆ ಹಿಡಿದು ಡ್ರಾಫ್ಟ್ ಪಟ್ಟಿಗಳನ್ನು ಬಿಡಿಸಿಕೊಂಡು ಕೂತೆ.

ಎನ್‌ಎಫ್‌ಎಲ್‌ನಲ್ಲಿ ಐಪಿಎಲ್‌ನಂತೆ ಹರಾಜಿಲ್ಲ. ಹಿಂದಿನ ವರ್ಷ ಸೋತು ಸುಣ್ಣವಾದ ತಂಡ ಕಾಲೇಜು ಆಟಗಾರರಲ್ಲಿ ಮೊದಲಿಗನನ್ನು ಆರಿಸುತ್ತದೆ, ಗೆದ್ದ ತಂಡ ಕೊನೆಗೆ. ಸುತ್ತು ಸುತ್ತಾಗಿ ನಡೆಯುವ ಈ ಆಯ್ಕೆಯೇ ‘ಡ್ರಾಫ್ಟ್’, ಅದರ ಒಂದೊಂದು ಸರದಿಗೆ ‘ಪಿಕ್’ ಎನ್ನುತ್ತಾರೆ. ಸರದಿಯನ್ನು ಆಟಗಾರರಂತೆಯೇ ಕೊಡಬಹುದು, ಕೊಳ್ಳಬಹುದು. ಮುಂದಿನ ವರ್ಷಗಳದ್ದನ್ನು ಕೂಡ.

ಮೊದಲ ತೊಡಕು ಎಣಿಕೆಯದು. ಡಲ್ಲಾಸ್‌ಗೆ ಸಿಕ್ಕಿದ್ದು ಎಂಟು ಎಂದು ಒಂದು ಕಡೆ ಇದೆ, ಹದಿಮೂರು ಎಂದು ಇನ್ನೊಂದು ಕಡೆ. ಹದಿನೆಂಟು ಎಂಬ ಸಂಖ್ಯೆಯೂ ಉಂಟು. ಬಿಡಿಸಿ ನೋಡಿದರೆ ಮೂರೂ ಸರಿ. ಡಲ್ಲಾಸ್‌ಗೆ ಬಂದದ್ದು ಐವರು ಆಟಗಾರರು ಮತ್ತು ಎಂಟು ಪಿಕ್‌ಗಳು. ಮಿನ್ನೆಸೋಟಕ್ಕೆ ಹೋದದ್ದು ವಾಕರ್ ಮತ್ತು ನಾಲ್ಕು ಪಿಕ್‌ಗಳು. ಎಲ್ಲ ಕೂಡಿದರೆ ಹದಿನೆಂಟು. ಒಬ್ಬರು ಪಿಕ್‌ಗಳನ್ನಷ್ಟೇ ಎಣಿಸಿದರು, ಇನ್ನೊಬ್ಬರು ಒಂದು ಬದಿಯನ್ನು, ಮತ್ತೊಬ್ಬರು ಎರಡೂ ಬದಿಯನ್ನು. ಇಷ್ಟು ಸುಲಭವಾಗಿ ಬಗೆಹರಿಯುವ ವಿರೋಧ ಸಿಕ್ಕಾಗ ಉಳಿದದ್ದೂ ಹೀಗೇ ಇರಬಹುದೆಂಬ ಆಸೆ ಹುಟ್ಟುತ್ತದೆ. ಹಾಗಿರಲಿಲ್ಲ.

1990ರ ಪಟ್ಟಿಯಲ್ಲಿ ಸ್ಮಿತ್ ಹೆಸರಿರುವುದು 17ನೆಯ ಸಾಲಿನಲ್ಲಿ. ಆ ಸರದಿ ಮೂಲದಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ್ದು. ವೈಕಿಂಗ್ಸ್‌ನಿಂದ ಬಂದದ್ದು 21ನೆಯದು. ಡಲ್ಲಾಸ್ ಅದರ ಜೊತೆಗೆ ಮೂರನೆಯ ಸುತ್ತಿನ 81ನೆಯದನ್ನೂ ಪಿಟ್ಸ್‌ಬರ್ಗ್‌ಗೆ ಕೊಟ್ಟು ನಾಲ್ಕು ಮೆಟ್ಟಿಲು ಮೇಲೇರಿತು. ಅಂದರೆ ವಾಕರ್ ಮತ್ತು ಸ್ಮಿತ್ ನಡುವೆ ಇನ್ನೊಂದು ವ್ಯವಹಾರವಿದೆ, ಅದಕ್ಕೆ ಬೇರೆ ಬೆಲೆಯಿದೆ. ಅದಕ್ಕಿಂತ ಮುಖ್ಯವಾದದ್ದು, ಒಂದು ತೀರ್ಮಾನವೂ ಇದೆ. ಡಲ್ಲಾಸ್ ಮೊದಲು ಕಣ್ಣಿಟ್ಟಿದ್ದು ಲೈನ್‌ಬ್ಯಾಕರ್ ಜೇಮ್ಸ್ ಫ್ರಾನ್ಸಿಸ್ ಮೇಲೆ. ಅವರನ್ನು 12ನೆಯವರಾಗಿ ಸಿನ್ಸಿನಾಟಿ ಎತ್ತಿಕೊಂಡಿತು. ಫ್ರಾನ್ಸಿಸ್ ಇನ್ನಷ್ಟು ಕೆಳಗೆ ಉಳಿದಿದ್ದರೆ ನಾವಿಂದು ಹೇಳುವ ಕಥೆಯೇ ಬೇರೆ.

1991ರ ಎಳೆ ಇನ್ನೂ ಸಿಕ್ಕುಸಿಕ್ಕು. ಆ ವರ್ಷದ ಮೊಟ್ಟಮೊದಲ ಪಿಕ್ ಆದ ರಸೆಲ್ ಮೇರಿಲ್ಯಾಂಡ್‌ಗಾಗಿ ಡಲ್ಲಾಸ್ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಎರಡು ಪಿಕ್‌ಗಳನ್ನೂ ಮೂವರು ಆಟಗಾರರನ್ನೂ ಕೊಟ್ಟಿತು. ಎರಡರಲ್ಲಿ 11ನೆಯದು ವೈಕಿಂಗ್ಸ್‌ನದು. ಮೂವರಲ್ಲಿ ಒಬ್ಬರಾದ ಡೇವಿಡ್ ಹೊವಾರ್ಡ್ ಕೂಡ ವಾಕರ್ ವಿನಿಮಯದಲ್ಲೇ ಬಂದವರು. ಉಳಿದ ಇಬ್ಬರು ಅಲ್ಲ. ಈಗ ಮೇರಿಲ್ಯಾಂಡ್‌ರನ್ನು ಯಾವ ಖಾತೆಗೆ ಎಷ್ಟು ಜಮಾ ಮಾಡುವುದು? ಇಲ್ಲಿ ವಂಶವೃಕ್ಷ ಬರೆಯುವ ಕೆಲಸವನ್ನು ಕೈಬಿಟ್ಟೆ. ಕೊಂಬೆ ಹಿಡಿದು ಹೋದರೆ ಲೀಗಿನ ಪ್ರತಿಯೊಬ್ಬ ಆಟಗಾರನೂ ಯಾರಿಗೋ ಸಂಬಂಧಿಕನಾಗುತ್ತಾನೆ.

ಹಾಗಾದರೆ ಅಳತೆಗೋಲು ಬೇಕು. ಡಲ್ಲಾಸ್‌ನ ಬಳಿ ಒಂದು ಇತ್ತು. ತಂಡದ ಪಾಲುದಾರರೂ ಎಂಜಿನಿಯರೂ ಆಗಿದ್ದ ಮೈಕ್ ಮೆಕಾಯ್ 1991ರ ಸುಮಾರಿಗೆ, ಕೋಚ್ ಜಿಮ್ಮಿ ಜಾನ್ಸನ್‌ಗಾಗಿ ಒಂದು ಕೋಷ್ಟಕ ತಯಾರಿಸಿದರು. ಮೊದಲ ಪಿಕ್‌ಗೆ 3,000 ಅಂಕ, ಎರಡನೆಯದಕ್ಕೆ 2,600, ಹೀಗೆ ಇಳಿಯುತ್ತದೆ. ಜಾನ್ಸನ್ ಕೈಕೆಳಗೆ ದುಡಿದವರು ಬೇರೆ ಬೇರೆ ತಂಡಗಳಿಗೆ ಹೋದಂತೆ ಕೋಷ್ಟಕವೂ ಹರಡಿ, ಲೀಗಿನ ಸಾಮಾನ್ಯ ನಾಣ್ಯವಾಯಿತು.

ಸ್ಮಿತ್ ವ್ಯವಹಾರವನ್ನು ಅದರಲ್ಲಿಟ್ಟು ತೂಗಿದೆ. 17ನೆಯದಕ್ಕೆ 950 ಅಂಕ. 21ನೆಯದಕ್ಕೆ 800, 81ನೆಯದಕ್ಕೆ 185, ಒಟ್ಟು 985. ವ್ಯತ್ಯಾಸ ಬರೀ 35. ಒಂದು ಕ್ಷಣ ಖುಷಿಯಾಯಿತು. ಆಮೇಲೆ ಆ ಖುಷಿಯೇ ಅನುಮಾನ ತಂದಿತು. ಮೆಕಾಯ್ ಈ ಅಂಕಗಳನ್ನು ಆಟಗಾರರ ಸಾಧನೆಯಿಂದ ತೆಗೆದವರಲ್ಲ. ಹಿಂದಿನ ಕೆಲವು ವರ್ಷಗಳಲ್ಲಿ ತಂಡಗಳು ಪಿಕ್‌ಗಳನ್ನು ಯಾವ ದರಕ್ಕೆ ಬದಲಾಯಿಸಿಕೊಂಡಿದ್ದವೋ ಅದರಿಂದ ತೆಗೆದವರು. ಅಂದಿನ ವ್ಯವಹಾರವನ್ನು ಅಂದಿನ ವ್ಯವಹಾರಗಳಿಂದಲೇ ಕಟ್ಟಿದ ಕೋಲಿನಿಂದ ಅಳೆದರೆ ಸರಿಹೊಂದದೆ ಇನ್ನೇನಾದೀತು? ಪೇಟೆಯಲ್ಲಿ ದರ ಎಷ್ಟಿತ್ತೆಂದು ಕೋಷ್ಟಕ ಹೇಳುತ್ತದೆ. ಆ ದರಕ್ಕೆ ಸರಕು ತಕ್ಕುದಾಗಿತ್ತೇ ಎಂಬುದರ ಬಗ್ಗೆ ಅದು ಮೌನ.

ಈ ಎರಡನ್ನು ಬೇರ್ಪಡಿಸಿ ನೋಡಿದವರು ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್. 2005ರಲ್ಲಿ ಕರಡಾಗಿ ಹೊರಬಂದ ಅವರ ಪ್ರಬಂಧ 2013ರಲ್ಲಿ ‘ಮ್ಯಾನೇಜ್‌ಮೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. (ಥೇಲರ್‌ಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಇದೊಂದಕ್ಕಲ್ಲ.) ಆಟಗಾರ ಮೈದಾನದಲ್ಲಿ ಕೊಟ್ಟದ್ದರಿಂದ ಅವನ ಸಂಬಳವನ್ನು ಕಳೆದು, ಉಳಿಕೆ ಎಷ್ಟೆಂದು ಅವರು ಕೇಳಿದರು. ಮೊದಲ ಸುತ್ತಿನ ತುತ್ತತುದಿಯ ಪಿಕ್‌ಗಳಿಗಿಂತ ಎರಡನೆಯ ಸುತ್ತಿನ ಆಸುಪಾಸಿನಲ್ಲಿ ಉಳಿಕೆ ಹೆಚ್ಚಿತ್ತು. ಇನ್ನೊಂದು ಅಂಕಿ ನನ್ನನ್ನು ಹೆಚ್ಚು ಕಾಡಿತು. ಒಂದೇ ಜಾಗದಲ್ಲಿ ಆಡುವವರ ಪೈಕಿ ಮೊದಲು ಆರಿಸಲ್ಪಟ್ಟವನು ತನ್ನ ನಂತರ ಆರಿಸಲ್ಪಟ್ಟವನಿಗಿಂತ ಮೇಲಾಗುವ ಸಂಭವ ಸುಮಾರು 52 ಪ್ರತಿಶತ. ಕಾಸು ಚಿಮ್ಮಿದ್ದಕ್ಕಿಂತ ಚೂರು ವಾಸಿ. ಸ್ಮಿತ್ ಆಯ್ಕೆಯಾದ ಆ ವರ್ಷವೇ ನ್ಯೂಯಾರ್ಕ್ ಜೆಟ್ಸ್ ಎರಡನೆಯ ಪಿಕ್‌ನಲ್ಲಿ, ಸ್ಮಿತ್ ಆಡುವ ಜಾಗದಲ್ಲೇ ಆಡುವ ಬ್ಲೇರ್ ಥಾಮಸ್ ಎಂಬ ರನ್ನಿಂಗ್ ಬ್ಯಾಕ್‌ರನ್ನು ಆರಿಸಿಕೊಂಡಿತ್ತು.

ಈ ಪ್ರಬಂಧವನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಅವರ ಲೆಕ್ಕ ಹಳೆಯ ಸಂಬಳ ಪದ್ಧತಿಯದು. 2010ರ ಮೊದಲ ಪಿಕ್ ಸ್ಯಾಮ್ ಬ್ರಾಡ್‌ಫರ್ಡ್ ಒಪ್ಪಂದದಲ್ಲಿ ಖಾತರಿ ಹಣವೇ 5 ಕೋಟಿ ಡಾಲರ್. 2011ರಲ್ಲಿ ಹೊಸಬರ ಸಂಬಳಕ್ಕೆ ಮಿತಿ ಬಂದ ಮೇಲೆ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಸುಮಾರು 2.2 ಕೋಟಿ. ಕಳೆಯುವ ಮೊತ್ತ ಇಳಿದರೆ ಉಳಿಕೆ ಏರುತ್ತದೆ. 1990ಕ್ಕೆ ಸಲ್ಲುವ ಉತ್ತರ ಇಂದಿಗೆ ಹಾಗೆಯೇ ಸಲ್ಲದು.

ಆದರೂ ಪ್ರಬಂಧದ ಒಂದು ಶೋಧದಿಂದ ನನ್ನ ದಾರಿ ತೆರೆಯಿತು. ಮುಂದಿನ ವರ್ಷದ ಪಿಕ್ ಕೊಟ್ಟು ಈ ವರ್ಷದ್ದನ್ನು ಪಡೆಯುವಾಗ ತಂಡಗಳು ತೆರುತ್ತಿದ್ದ ಬಡ್ಡಿ ವರ್ಷಕ್ಕೆ ನೂರು ಪ್ರತಿಶತವನ್ನೂ ಮೀರುತ್ತಿತ್ತು. ನಾಳೆಯದನ್ನು ಅಗ್ಗಕ್ಕೆ ಮಾರುವುದು ಲೀಗಿಗೆಲ್ಲ ಅಂಟಿದ ಚಾಳಿ. ಹಾಗಿರುವಾಗ ವೈಕಿಂಗ್ಸ್‌ನ ಜನರಲ್ ಮ್ಯಾನೇಜರ್ ಮೈಕ್ ಲಿನ್ ಮೂರು ವರ್ಷದ ಪಿಕ್‌ಗಳನ್ನು ಬಿಟ್ಟುಕೊಟ್ಟರೆಂದು ಅವರೊಬ್ಬರನ್ನೇ ಪೆದ್ದರೆನ್ನುವುದು ನ್ಯಾಯವಲ್ಲ. ಅವರು ಕೊಂಡದ್ದು 1988ರಲ್ಲಿ 1,514 ಗಜ ಓಡಿದ್ದ ಆಟಗಾರನನ್ನು. ಮಿನ್ನೆಸೋಟ ಪರ ಮೊದಲ ಪಂದ್ಯದಲ್ಲೇ ವಾಕರ್ 148 ಗಜ ಓಡಿದರು. ಆಗ ಟೀಕೆಗೆ ಗುರಿಯಾಗಿದ್ದವರು ಜಾನ್ಸನ್. ಎರಡೂವರೆ ಋತುಗಳಲ್ಲಿ ವಾಕರ್ ಗಳಿಸಿದ್ದು ಒಟ್ಟು 2,264 ಗಜ ಎಂಬುದು ನಮಗೆ ಗೊತ್ತು. 1989ರ ಅಕ್ಟೋಬರ್‌ನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಿನ್ನೋಟದ ಹಂಗಿಲ್ಲದೆ ತೀರ್ಪು ಕೊಡಬಹುದಾದ ಜಾಗ ಒಪ್ಪಂದದ ಷರತ್ತಿನಲ್ಲಿದೆ. ಪಿಕ್‌ಗಳಲ್ಲಿ ಹೆಚ್ಚಿನವು ಆ ಐವರು ಆಟಗಾರರಿಗೆ ಗಂಟು ಬಿದ್ದಿದ್ದವು: ಡಲ್ಲಾಸ್ 1990ರ ಫೆಬ್ರವರಿ 1ರೊಳಗೆ ಆಟಗಾರನನ್ನು ಕೈಬಿಟ್ಟರೆ ಅವನಿಗೆ ಸೇರಿದ ಪಿಕ್ ಡಲ್ಲಾಸ್‌ಗೆ. ಮೊದಲ ಐದೂ ಪಂದ್ಯ ಸೋತಿದ್ದ ತಂಡ ಪಳಗಿದ ಆಟಗಾರರನ್ನು ಬಿಡಲಾರದೆಂಬುದು ಲಿನ್ ಲೆಕ್ಕ. ಜಾನ್ಸನ್‌ಗೆ ಬೇಕಿದ್ದದ್ದು ಪಿಕ್‌ಗಳೇ. ಯಾವಾಗ ಬಿಡಬೇಕು, ಯಾರನ್ನು ಬಿಡಬೇಕು ಎಂಬ ಆಯ್ಕೆ ಪೂರ್ತಿ ಡಲ್ಲಾಸ್ ಕೈಯಲ್ಲಿತ್ತು. ಕಡೆಗೆ ಬಿಡುವ ಬೆದರಿಕೆಯ ಬಲದಿಂದಲೇ, ತನ್ನ ಕೆಲವು ಕೆಳ ಸುತ್ತಿನ ಪಿಕ್‌ಗಳನ್ನು ಕೊಟ್ಟು, ಮೂವರು ಆಟಗಾರರನ್ನೂ ಪಿಕ್‌ಗಳನ್ನೂ ಅದು ಉಳಿಸಿಕೊಂಡಿತು.

ಆದ್ದರಿಂದ ನನ್ನ ತೀರ್ಪು ಇಷ್ಟು. ಲಿನ್ ಎಡವಿದ್ದು ವಾಕರ್‌ಗೆ ಕಟ್ಟಿದ ಬೆಲೆಯಲ್ಲಲ್ಲ, ಆಯ್ಕೆಯನ್ನು ಎದುರಾಳಿಗೆ ಪುಕ್ಕಟೆಯಾಗಿ ಕೊಟ್ಟ ಷರತ್ತಿನಲ್ಲಿ. ಅದು ಸಹಿ ಬಿದ್ದ ದಿನವೇ ನಷ್ಟದ ವ್ಯವಹಾರ. ಸ್ಮಿತ್ ಮಾತ್ರ ಅದರ ಫಲವಲ್ಲ. ಅವರ ಹೆಸರು ಪಿಟ್ಸ್‌ಬರ್ಗ್‌ನ ಪಿಕ್‌ಗೆ, 81ನೆಯ ಸರದಿಗೆ, ಮತ್ತು ಅವರನ್ನು ದಾಟಿ ಹೋದ ಹದಿನಾರು ಆಯ್ಕೆಗಳಿಗೆ ಸೇರಬೇಕು.